ಲಿಸ್ಬನ್ನಿನಲ್ಲಿ ಏಳು ಬೂತಾಯಿ

ಸನ್ನಿವೇಲ್
೬ ಜುಲೈ ೧೯೮೬, ಭಾನುವಾರ

ಪ್ರೀತಿಯ ಅಣ್ಣಾ,

ನಿನ್ನ ಮೊಣಕಾಲು ಹೇಗಿದೆ? ರಥಬೀದಿಯ ಅಂಗಡಿಯ ಮೆಟ್ಟಿಲನ್ನು ದಿನಕ್ಕೆ ಹತ್ತು ಸಲ ಹತ್ತಿಳಿಯಬೇಡವೆಂದು ಡಾಕ್ಟರು ಹೇಳಿದ್ದಾರಂತೆ, ಅತ್ತಿಗೆ ಬರೆದಿದ್ದರು. ನೀನು ಯಾರ ಮಾತು ಕೇಳುವವನು! ಅತ್ತಿಗೆಯ ಬಿಪಿ ಮಾತ್ರೆಯಾದರೂ ತಪ್ಪದಂತೆ ನೋಡಿಕೋ. ನಾನೂ ಸ್ನೇಹಲತಾಳೂ ಚೆನ್ನಾಗಿದ್ದೇವೆ.

ನೀನು ಫೆಬ್ರವರಿಯಲ್ಲಿ ಬರೆದ ಕಾಗದ ಇನ್ನೂ ಅಡುಗೆಮನೆಯ ಡ್ರಾಯರಿನಲ್ಲಿದೆ. ನನ್ನ ಮಗಳು ಸ್ನೇಹ ಮೆಚ್ಚಿದ ಡುವಾರ್ಟೆಯ ಹೆತ್ತವರು ಪೋರ್ಚುಗಲ್ಲಿನಿಂದ ಇಲ್ಲೇ ಪಕ್ಕದ ಸ್ಯಾನ್ ಹೋಸೆಗೆ ಬಂದವರೆಂದು ತಿಳಿದದ್ದೇ ತಡ, ನೀನು ಬರೆದುಬಿಟ್ಟೆ: “ನಮ್ಮ ಹಿರಿಯರು ದೇವರ ಪೆಟ್ಟಿಗೆ ಹೊತ್ತು ಗೋವೆ ಬಿಟ್ಟು ಓಡಿದ್ದು ಯಾರಿಂದ? ಅವರ ಮನೆಗೆ ಹೆಣ್ಣು ಕೊಡುವುದೇ? ಮೊದಲು ಅವರ ಊರಿಗೆ ಹೋಗು. ಅಲ್ಲಿ ಒಂದು ತುತ್ತು ನಿನ್ನ ಗಂಟಲಲ್ಲಿ ಇಳಿದರೆ ಆಮೇಲೆ ಮದುವೆಯ ಮಾತು.” ಅಪ್ಪನಿಲ್ಲದ ಹುಡುಗಿ ಅಣ್ಣಾ. ಅವಳನ್ನು ಮಂಟಪಕ್ಕೆ ಎತ್ತಿಕೊಂಡು ತರಬೇಕಾದವನೂ ಧಾರೆ ಎರೆಯಬೇಕಾದವನೂ ಸೋದರಮಾವನಾದ ನೀನೇ. ಮಾವ ಬರದಿದ್ದರೆ ಮದುವೆಯೇ ಬೇಡ ಎಂದು ಕೂತಿದ್ದಾಳೆ. ಹಟದಲ್ಲಿ ಅಪ್ಪಟ ನಿನ್ನ ಸೊಸೆ. ಸರಿ, ನೀನು ಹೇಳಿದಂತೆಯೇ ಆಗಲಿ ಎಂದು ಜೂನಿನಲ್ಲಿ ಸ್ನೇಹ, ಡುವಾರ್ಟೆ ಇಬ್ಬರೊಂದಿಗೂ ಹೊರಟೆ.

ಟಿಕೆಟ್ ಮಾಡಿಕೊಟ್ಟ ಹೆಂಗಸು ಪ್ಯಾರಿಸ್ಸು, ರೋಮು ಬಿಟ್ಟು ಲಿಸ್ಬನ್ನಿಗೆ ಯಾರು ಹೋಗುತ್ತಾರೆ ಎಂದು ನಕ್ಕಳು. ಪಾಪ, ಅವಳಿಗೆ ಗೊತ್ತಿಲ್ಲ. ಊರು ಪೂರ್ತಿ ಏರುತಗ್ಗು, ನಮ್ಮ ಸ್ಯಾನ್ ಫ್ರಾನ್ಸಿಸ್ಕೋದ ಹಾಗೆಯೇ. ಹಳದಿ ಟ್ರಾಮು ಮನೆಗಳ ಕಿಟಕಿಗೆ ಮೈಯುಜ್ಜುವಷ್ಟು ಹತ್ತಿರದಲ್ಲಿ ಹತ್ತುತ್ತದೆ. ನಮ್ಮ ಗೋಲ್ಡನ್ ಗೇಟಿನ ತಂಗಿಯಂತೆ ಕೆಂಪು ಸೇತುವೆಯೂ ಇದೆ. ಮನೆಗೋಡೆಗಳಿಗೆಲ್ಲ ನೀಲಿ ಹೂವಿನ ಟೈಲು, ಕಿಟಕಿಗಳಲ್ಲಿ ಒಣಗಿಹಾಕಿದ ಬಟ್ಟೆ. ವಾಸ್ಕೋ ಡ ಗಾಮನ ಗೋರಿಯನ್ನೂ ನೋಡಿದೆ. ನಿನ್ನ ಪರವಾಗಿ ಕೊಂಕಣಿಯಲ್ಲಿ ನಾಲ್ಕು ಮಾತು ಬೈದೆ. ಪಕ್ಕದಲ್ಲಿದ್ದ ಪ್ರವಾಸಿಗಳು ನಾನು ಪ್ರಾರ್ಥನೆ ಮಾಡುತ್ತಿದ್ದೇನೆಂದುಕೊಂಡು ತಲೆ ತಗ್ಗಿಸಿದರು.

ಊಟದ ವಿಷಯಕ್ಕೆ ಬರುತ್ತೇನೆ. ನಿನ್ನ ಸವಾಲು ನೆನಪಿತ್ತಲ್ಲ, ಎರಡು ದಿನ ಚೀಲದ ಅವಲಕ್ಕಿ, ಮಿಡಿ ಉಪ್ಪಿನಕಾಯಿಯಲ್ಲೇ ಕಳೆದೆ. ಮಧ್ಯೆ ಒಂದು ಪುಟ್ಟ ಸಿಹಿ ತಿಂಡಿ ತಿಂದದ್ದನ್ನು ಲೆಕ್ಕಕ್ಕೆ ಹಿಡಿಯಬೇಡ. ಗರಿಗರಿ ಕವಚದೊಳಗೆ ಕೆನೆಯಂಥದ್ದು, ಮೇಲೆ ದಾಲ್ಚಿನ್ನಿ ಪುಡಿ. ಅದರಲ್ಲಿ ಮೊಟ್ಟೆಯಿದೆಯೆಂದು ಸ್ನೇಹ ಹೇಳಿದ್ದು ನಾಲ್ಕನೆಯದು ಮುಗಿದ ಮೇಲೆ. ಮೀನು ತಿಂದರೂ ಮೊಟ್ಟೆ ಮುಟ್ಟದ ಅತ್ತಿಗೆಗೆ ಹೇಳಬೇಡ.

ಮೂರನೆಯ ದಿನ ಅವರ ಸಂತರ ಹಬ್ಬ. ಬೀದಿಬೀದಿಯಲ್ಲಿ ಇದ್ದಿಲ ಒಲೆ ಹೊತ್ತಿಸಿದ್ದರು. ಇಕ್ಕಟ್ಟಾದ ಓಣಿಯಲ್ಲಿ ಡುವಾರ್ಟೆಯ ಸೋದರಮಾವ ಅರ್ಮಾಂಡೊ ನಡೆಸುವ ಪುಟ್ಟ ಹೋಟೆಲಿಗೆ ಹೋದೆವು. ಒಲೆಯ ಮೇಲೆ ಯಾವ ಮೀನು ಸುಡುತ್ತಿತ್ತು ಹೇಳು? ಬೂತಾಯಿ! ಬಂದರಿನಿಂದ ಅಪ್ಪ ಎಲೆಯಲ್ಲಿ ಕಟ್ಟಿಸಿ ತರುತ್ತಿದ್ದರಲ್ಲ, ಅದೇ. ಬರೀ ಕಲ್ಲುಪ್ಪು ಹಾಕಿ ಸುಟ್ಟು ಬ್ರೆಡ್ಡಿನ ಮೇಲಿಡುತ್ತಾರೆ, ಕೈಯಲ್ಲೇ ತಿನ್ನಬೇಕು. ವಾಸನೆ ಮೂಗಿಗೆ ಬಡಿದದ್ದೇ ನಿನ್ನ ಸವಾಲೂ ಮರೆತೆ, ಹಿರಿಯರನ್ನೂ ಮರೆತೆ. ಏಳು ತಿಂದೆ. ಖಾರ ಸಾಲದೆಂದು ಚೀಲದಿಂದ ಉಪ್ಪಿನಕಾಯಿ ಬಾಟಲಿ ತೆಗೆದು ಮೇಜಿನ ಮೇಲಿಟ್ಟೆ.

ಅಲ್ಲಿಯವರೆಗೆ ನನ್ನತ್ತ ತಿರುಗಿಯೂ ನೋಡದಿದ್ದ ಅರ್ಮಾಂಡೊ ಬಾಟಲಿಯ ಹತ್ತಿರ ಬಂದ. ಒಂದು ಮಿಡಿ ಬಾಯಿಗೆ ಹಾಕಿಕೊಂಡ. ಅದನ್ನು ಚೀಪುತ್ತಲೇ, ಊಟ ಆಯಿತೇ ಎಂದು ನಮ್ಮ ಕೊಂಕಣಿಯಲ್ಲಿ ಕೇಳಿದ! ನನ್ನ ಕೈಯಲ್ಲಿದ್ದ ಮೀನು ಕೈಯಲ್ಲೇ ಉಳಿಯಿತು. ಅರವತ್ತೊಂದರಲ್ಲಿ ಅವನು ಇಪ್ಪತ್ತೊಂದು ವರ್ಷದ ಪೋರ್ಚುಗೀಸ್ ಸಿಪಾಯಿ, ಗೋವೆಯಲ್ಲಿದ್ದ. ನಮ್ಮ ಸೈನ್ಯ ಬಂದಾಗ ಸೆರೆಸಿಕ್ಕಿ ಐದು ತಿಂಗಳು ಶಿಬಿರದಲ್ಲಿ ಕೈದಿಯಾಗಿದ್ದ. ಬೇಲಿಯಾಚೆಯಿಂದ ಒಬ್ಬ ಮುದುಕಿ ದಿನವೂ ಹೀಗೆ ಕೇಳಿ, ಇಂಥದ್ದೇ ಉಪ್ಪಿನಕಾಯಿ ಗಂಜಿಯೊಂದಿಗೆ ದಾಟಿಸುತ್ತಿದ್ದಳಂತೆ. ಅವಳನ್ನು ಬಿಟ್ಟರೆ ನಮ್ಮವರ ಮೇಲೆಲ್ಲ ಅವನಿಗೆ ಸಿಟ್ಟು. ಆ ದೇಶದ ಹುಡುಗಿಯೇ ಬೇಕಿತ್ತೇ, ಮದುವೆಗೆ ನಾನು ಬರುವುದಿಲ್ಲ ಎಂದು ಅವನೂ ಸ್ಯಾನ್ ಹೋಸೆಯ ಅಕ್ಕನಿಗೆ ಕಾಗದ ಬರೆದಿದ್ದನಂತೆ. ಡುವಾರ್ಟೆ ಇದನ್ನು ಇಂಗ್ಲಿಷಿನಲ್ಲಿ ಹೇಳುವಾಗ ನನಗೆ ನಗು ತಡೆಯಲಿಲ್ಲ, ಅಣ್ಣಾ. ಆಮೇಲೆ ಅಳುವೂ ಬಂತು. ಉಪ್ಪಿನಕಾಯಿ ಬಾಟಲಿಯನ್ನು ಅಲ್ಲೇ ಬಿಟ್ಟುಬಂದೆ.

ಮದುವೆ ಥ್ಯಾಂಕ್ಸ್‌ಗಿವಿಂಗ್ ರಜೆಯಲ್ಲಿ, ನವೆಂಬರ್ ೨೯ರಂದು. ಇಲ್ಲಿ ಆಗ ಸ್ವೆಟರ್ ಸಾಕು. ಸ್ನೇಹಳನ್ನು ಎತ್ತಿಕೊಂಡು ಬರುವ ಸಾಹಸ ಬೇಡ, ಕೈಹಿಡಿದು ತಂದರೆ ಸಾಕು. ಅತ್ತಿಗೆಗೆ ನನ್ನ ನಮಸ್ಕಾರ, ನಿನ್ನ ಕಾಲಿಗೆ ಎಣ್ಣೆ ತಿಕ್ಕುತ್ತಿರಲಿ.

ಏಳು ಬೂತಾಯಿ ನುಂಗಿ ಅರಗಿಸಿಕೊಂಡ ನಿನ್ನ ತಂಗಿ,
ಜಯಂತಿ

ಮರೆತಿದ್ದೆ: ಹೊರಡುವ ದಿನ ಅರ್ಮಾಂಡೊ ಡುವಾರ್ಟೆಯ ಮೂಲಕ ನನ್ನನ್ನು ಒಂದೇ ಒಂದು ಮಾತು ಕೇಳಿದ, ಹುಡುಗಿಯ ಮಾವ ಬರುತ್ತಾನಾ, ಬಂದರೆ ನಾನೂ ಹೋಟೆಲು ಮುಚ್ಚಿ ಬರುತ್ತೇನೆ ಎಂದು. ನಾನು ಒಂದು ಗಳಿಗೆಯೂ ತಡವರಿಸದೆ, ಬರುತ್ತಾನೆ ಎಂದುಬಿಟ್ಟೆ. ಮೊನ್ನೆ ಟಿಕೆಟ್ ತೆಗೆದನಂತೆ. ನಿನಗೆ ನಾನು ಯಾವತ್ತೂ ಸುಳ್ಳು ಹೇಳಿದವಳಲ್ಲ, ಅಣ್ಣಾ. ಅವನಿಗೆ ಹೇಳಿದ್ದೂ ಸುಳ್ಳಾಗದಂತೆ ನೋಡಿಕೋ.