ಹಾಳೆಯ ಹಿಂಬದಿಯಲ್ಲಿದ್ದವರು

ಮಾನ್ಯ ಪ್ರಾಂಶುಪಾಲರಿಗೆ ನಮಸ್ಕಾರ.

ಹೆಸರಾಂತ ಹಳೆಯ ವಿದ್ಯಾರ್ಥಿಗಳ ಪ್ರದರ್ಶನಕ್ಕೆಂದು ನೀವು ಕೇಳಿದ್ದ, ನನ್ನ ಹೆಂಡತಿಯ ಕಾಲದ ಕಾಲೇಜು ವಾರ್ಷಿಕ ಸಂಚಿಕೆಯನ್ನು ಇದರೊಂದಿಗೆ ಕಳಿಸುತ್ತಿದ್ದೇನೆ. ಹೊಲಿಗೆ ಸಡಿಲವಾಗಿದೆ, ಹಾಳೆಗಳನ್ನು ಮೆಲ್ಲಗೆ ತಿರುವಿ. ನೀವು ಬರೆದಿದ್ದ ಮೂವರಲ್ಲಿ ಗಾಯಕಿ, ವಿಜ್ಞಾನಿ ಇಬ್ಬರ ಚಿತ್ರವೂ ಚೆನ್ನಾಗಿಯೇ ಇದೆ. ನ್ಯಾಯಮೂರ್ತಿಗಳು ಇರಬೇಕಾದ ಕಡೆ ಮಾತ್ರ ಒಂದು ಚೌಕದ ತೂತಿದೆ.

ಅದೇ ಹಾಳೆಯ ಹಿಂಬದಿಯಲ್ಲಿ ನನ್ನ ಹೆಂಡತಿಯ ಚಿತ್ರವಿತ್ತು. ಕಳೆದ ತಿಂಗಳು ಅವಳು ತೀರಿಕೊಂಡಾಗ ಗೋಡೆಗೆ ಹಾಕಲು ಫೋಟೊ ಹುಡುಕಿದೆವು. ಕ್ಯಾಮೆರಾ ಕಂಡರೆ ಮುಖ ತಿರುಗಿಸುತ್ತಿದ್ದವಳು ಅವಳು. "ಅಪ್ಪಾ, ಅಮ್ಮ ನಗ್ತಿರೋದು ಇದೊಂದ್ರಲ್ಲೇ," ಎಂದಳು ಮಗಳು. ನಾನು ಕತ್ತರಿ ತಂದೆ. ನಕಲು ತೆಗೆಸಬಹುದಿತ್ತು, ಆ ಹೊತ್ತಿಗೆ ತಲೆ ಓಡಲಿಲ್ಲ. ಹಿಂದೆ ಯಾರಿದ್ದಾರೆಂದೂ ನೋಡಲಿಲ್ಲ.

ನ್ಯಾಯಮೂರ್ತಿಗಳಿಗೆ ಏನೂ ಆಗಿಲ್ಲ. ಅವಳ ಬೆನ್ನಿಗೇ, ಗೋಡೆಗೆ ಮುಖಮಾಡಿಕೊಂಡಿದ್ದಾರೆ. ಪೇಪರಿನಲ್ಲಿ ಅವರ ಹೆಸರು ಬಂದಾಗಲೆಲ್ಲ ಅವಳು, "ಪರೀಕ್ಷೇಲಿ ನಂದು ನೋಡ್ಕೊಂಡೇ ಪಾಸಾದ ಪುಣ್ಯಾತ್ಮ," ಅನ್ನುತ್ತಿದ್ದಳು. ಇದನ್ನು ಪ್ರದರ್ಶನದಲ್ಲಿ ಹಾಕುವುದು ಬೇಡ.

ಅವರ ಚಿತ್ರ ಬೇಕೇ ಬೇಕೆಂದರೆ ಫೋಟೊಗ್ರಾಫರನ್ನು ಮನೆಗೆ ಕಳಿಸಿ. ಚೌಕಟ್ಟಿನ ಹಿಂದಿನ ರಟ್ಟು ತೆಗೆದರೆ ಸಿಗುತ್ತಾರೆ. ಆದರೆ ಅದಕ್ಕೆ ಅವಳನ್ನು ಮೇಜಿನ ಮೇಲೆ ಬೋರಲು ಮಲಗಿಸಬೇಕಾಗುತ್ತದೆ. ಅದು ನನ್ನಿಂದಾಗದು. ಬಂದವರೇ ಮಾಡಲಿ, ಅಷ್ಟು ಹೊತ್ತು ನಾನು ಅಡುಗೆಮನೆಯಲ್ಲಿ ನಿಂತಿರುತ್ತೇನೆ.

ಇಂತಿ,
ನಿಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳ ಗಂಡ