ಎಣ್ಣೆ ಕುಡಿದ ಹಗ್ಗ

ಅಪ್ಪಾ,

ನೀನು ಹೋದ ಮೇಲೆ ಊರವರೆಲ್ಲ ನಿನ್ನನ್ನು ಹೊಗಳಿ ಸುಸ್ತಾಗಿದ್ದಾರೆ. ಈ ಕಾಗದದಲ್ಲಿ ಹೊಗಳಿಕೆ ಇಲ್ಲ. ಮನಸ್ಸಿಲ್ಲದಿದ್ದರೂ ಓದು. ಮಧ್ಯದಲ್ಲಿ ಎದ್ದು ಹೋಗಲು ಈಗ ನಿನ್ನಿಂದ ಆಗುವುದಿಲ್ಲವಲ್ಲ!

ಕೊಪ್ಪಳ ಜಿಲ್ಲೆಯಾದ ವರ್ಷ ನೆನಪಿದೆಯೇ? ಯಲಬುರ್ಗಾದ ಗರಡಿಯಲ್ಲಿ ಹುಡುಗರಿಗೆ ಮಲ್ಲಕಂಬ ಕಲಿಸುತ್ತಿದ್ದ ನೀನು, ಹುಡುಗಿಯರಿಗೂ ಕಲಿಸುತ್ತೇನೆಂದು ಹೊರಗಿನ ಬೇವಿನ ಕೊಂಬೆಗೆ ನೂಲಿನ ಹಗ್ಗ ಇಳಿಬಿಟ್ಟೆ. ಕಂಬದ ಮೇಲೆ ಬೆಳೆದವನು ನೀನು. ಹಗ್ಗವನ್ನೂ ಕಂಬದಂತೆ ಬಿಗಿಯಾಗಿ ತಬ್ಬಿಕೊಳ್ಳಲು ಹೇಳಿದೆ. ಒಂದು ಆಸನ, ನಿಲ್ಲು. ಇನ್ನೊಂದು ಆಸನ, ನಿಲ್ಲು. ನಾನು ತೋಳು ಕಿತ್ತುಹೋಗುವಂತೆ ನೇತಾಡುತ್ತಿದ್ದೆ. ಅತ್ತರೆ ಬೆತ್ತ ಮೊಣಕಾಲಿಗೆ ಬೀಳುತ್ತಿತ್ತು.

ನನಗೆ ಹಗ್ಗ ಕಲಿಸಿದ್ದು ಪಕ್ಕದ ಓಣಿಯ ರೇಣುಕಾ, ನನ್ನದೇ ತರಗತಿಯವಳು. ನೀನು ಒಳಗೆ ಹುಡುಗರ ಕಡೆ ಹೋದಾಗ ಅವಳು ಹಗ್ಗವನ್ನು ಕಾಲ್ಬೆರಳ ಸಂದಿಯಲ್ಲಿ ಸಿಕ್ಕಿಸಿ, ತೊಡೆಗೊಂದು ಸುತ್ತು, ಸೊಂಟಕ್ಕೊಂದು ಸುತ್ತು ಹಾಕಿ ಎರಡೂ ಕೈ ಬಿಟ್ಟುಬಿಡುತ್ತಿದ್ದಳು. ಗಂಟಿಲ್ಲ, ಕೊಂಡಿಯಿಲ್ಲ. "ನೀ ಅದನ್ನ ಹಿಡೀಬ್ಯಾಡ. ಮೈ ಭಾರ ಬಿಡು, ಅದ ನಿನ್ನ ಹಿಡಕೋತೈತಿ," ಅಂದಳು. ಅಂದು ಮೊದಲ ಸಲ ನಾನು ತಲೆಕೆಳಗಾಗಿ, ಹೆದರದೆ ತೂಗಿದೆ. ಸುತ್ತು ಬಿಚ್ಚಿದಂತೆ ಮೈ ಎಲ್ಲೂ ನಿಲ್ಲದೆ ತಾನೇ ಇಳಿಯಿತು.

ಮಹಾನವಮಿಯ ಆಯುಧ ಪೂಜೆ. ಕಂಬಕ್ಕೆ ಔಡಲ ಎಣ್ಣೆ ಸವರಿದ ನೀನು, ಅದೇ ಕೈಯನ್ನು ಹಗ್ಗಕ್ಕೂ ಮೇಲಿಂದ ಕೆಳಗೆ ಎಳೆದೆ. "ಅದಕ್ಕೂ ಪೂಜಿ ಆಗಬೇಕಲ್ಲ," ಅಂದೆ. ಕಂಬಕ್ಕೆ ಎಣ್ಣೆ ಬೇಕು, ಹಗ್ಗಕ್ಕೆ ಆಗದು ಎಂದು ನಮಗೇನು ಗೊತ್ತು? ಸಂಜೆ ಜನರ ಮುಂದೆ ರೇಣುಕಾ ಹತ್ತಿದಳು, ಜಾರಿದಳು, ಎಡಗೈ ಮೇಲೆ ಬಿದ್ದಳು. ಅವಳಿನ್ನೂ ಚೀರುತ್ತಿದ್ದಾಗಲೇ ನೀನು ಎಲ್ಲರಿಗೂ ಹೇಳಿದೆ: "ಹೆದರಿ ಕೈ ಬಿಟ್ಟಾಳ್ರಿ. ಎದಿಗಾರಿಕಿ ಇಲ್ಲ."

ಮರುದಿನ ಕೈಗೆ ಪಟ್ಟಿ ಕಟ್ಟಿಸಿಕೊಂಡೇ ಅವಳು ನಿನಗೆ ಬನ್ನಿ ಕೊಡಲು ಬಂದಳು. ದಸರೆಯ ದಿನ ವೈರಿ ಬನ್ನಿ ಕೊಟ್ಟರೂ ಜನ ಕೈ ಒಡ್ಡುತ್ತಾರೆ. ನೀನು ಕೈ ಹಿಂದೆ ಕಟ್ಟಿಕೊಂಡೆ. "ಮೊದಲ ಹಗ್ಗ ಹಿಡಿಯೂದು ಕಲಿ, ಆಮ್ಯಾಲೆ ಬನ್ನಿ ಕೊಡಾಕ ಬಾ." ಆ ಎಲೆಗಳನ್ನು ಅವಳು ಎಲ್ಲಿ ಎಸೆದಳೋ... ಗರಡಿಯ ಕಡೆ ಮತ್ತೆ ಬರಲಿಲ್ಲ.

ಹುಡುಗಿಯರಿಗೆ ಈಗ ನಾನೇ ಕಲಿಸುತ್ತೇನೆ. ನೀನು ತೀರಿಕೊಂಡ ಮೇಲೆ, ಹೋದ ವರ್ಷದ ಪೂಜೆಯಲ್ಲಿ ಒಬ್ಬಳ ತಾಯಿ ಭಕ್ತಿಯಿಂದ ಹಗ್ಗಕ್ಕೆ ಎಣ್ಣೆ ಸವರಿದರು. ಒರೆಸಿದೆ, ಒಣಗಿದಂತೆ ಕಂಡಿತು. ನೋಡೋಣವೆಂದು ನಾನೇ ಹತ್ತಿದೆ. ಅಂಗೈ ಬಿಸಿಯಾಗುತ್ತಿದ್ದಂತೆ ನೂಲು ಕುಡಿದ ಎಣ್ಣೆಯನ್ನೆಲ್ಲ ಕಕ್ಕಿತು. ಸರ್ರನೆ ಜಾರಿ ಗಾದಿಯ ಮೇಲೆ ಬಿದ್ದೆ. ಬಿದ್ದಲ್ಲೇ ನೆನಪಾಯಿತು: ರೇಣುಕಾ ಬಿದ್ದ ಸಂಜೆಯೇ ನೀನು ಆ ಹಗ್ಗ ಬಿಚ್ಚಿ ತಂದು, ಬಚ್ಚಲ ಹಂಡೆಯಲ್ಲಿ ಎಣ್ಣೆ ಬಿಡುವಂತೆ ಬಟ್ಟೆ ಸೋಡಾ ಹಾಕಿ ಕುದಿಸಿದ್ದೆ. "ಹಬ್ಬದ ದಿನ ಇದೇನ್ರಿ?" ಎಂದ ಅವ್ವನ ಮೇಲೆ ರೇಗಿದ್ದೆ. ಅಂದರೆ ನಿನಗೆ ಗೊತ್ತಿತ್ತು. ಗೊತ್ತಿದ್ದೂ ಮರುದಿನ ಆ ಮಗುವಿನ ಮುಂದೆ ಕೈ ಕಟ್ಟಿ ನಿಂತೆ. ನಿನ್ನಂಥ ಹೇಡಿಯನ್ನು ನಾನು ನೋಡಿಲ್ಲ ಅಪ್ಪಾ.

ಹನುಮಸಾಗರಕ್ಕೆ, ಅವಳ ಗಂಡನ ಮನೆಗೆ ಹೋಗಿ ಎಲ್ಲ ಹೇಳಿದೆ. ಎಡ ಮಣಿಕಟ್ಟು ಸೊಟ್ಟಗೇ ಕೂಡಿಕೊಂಡಿದೆ. ಒಂದೇ ಕೈಯಲ್ಲಿ ರೊಟ್ಟಿ ಬಡಿಯುತ್ತಾ ಕೇಳಿಸಿಕೊಂಡಳು. "ಇಷ್ಟ ವರ್ಷ ಈ ಕೈಗೇ ಬೈಕೋತ ಬಂದ್ನಲ್ಲ," ಅಂದಳು. ನಿನ್ನನ್ನು ಬೈಯಲಿಲ್ಲ. ಆ ಕೆಲಸ ನನಗೆ ಬಿಟ್ಟಳು.

ಈ ದಸರೆಗೆ ಕೊಪ್ಪಳದಲ್ಲಿ ನನ್ನ ಪ್ರದರ್ಶನವಿತ್ತು. ಹಗ್ಗ ಮುಟ್ಟುವ ಮೊದಲು ಗುರುವಿನ ಹೆಸರು ಹೇಳಿ ಕೈ ಮುಗಿಯಬೇಕು. ಮುಂದಿನ ಸಾಲಿನಲ್ಲಿ ನಿನ್ನ ಹಳೆಯ ಶಿಷ್ಯರೆಲ್ಲ ಕೂತಿದ್ದರು. ನಾನು ರೇಣುಕಾಳ ಹೆಸರು ಹೇಳಿದೆ. ಯಾಕೆಂದೂ ಮೈಕಿನಲ್ಲೇ ಹೇಳಿದೆ. "ಸತ್ತ ತಂದಿ ಹೆಸರ ಮಣ್ಣಪಾಲು ಮಾಡಿದ್ಯಲ್ಲ!" ಎಂದು ಒಬ್ಬರು ಕೂಗಿ ಎದ್ದು ಹೋದರು. ಮಾಡಿದೆ. ಯಾರ ಮಗಳು ಎಂದು ಕೇಳಿದರೆ ನಿನ್ನ ಹೆಸರು ಹೇಳುತ್ತೇನೆ, ಬೇರೆ ದಾರಿಯಿಲ್ಲ. ಯಾರ ಶಿಷ್ಯೆ ಎಂದರೆ, ಬದುಕಿರುವವರೆಗೂ ನಿನ್ನ ಹೆಸರು ಹೇಳುವುದಿಲ್ಲ.

ಸಾವಿತ್ರಿ