ಬಲದಲಿ ಮಲಗಿದ ಗುಲ್ಮ

ಐ.ಡಿ.ಹಳ್ಳಿ
೧೪ನೇ ನವೆಂಬರ್ ೧೯೩೮

ಗೆಳೆಯ ಚಂದ್ರಶೇಖರಯ್ಯನಿಗೆ ನಂದೀಶ್ವರಯ್ಯನ ವಂದನೆ.

ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ನಿನ್ನ ರೋಗಿಗಳೂ ಚೆನ್ನಾಗಿರಲಿ, ಆದರೆ ಡಾಕ್ಟರ ಕೆಲಸ ಹೋಗುವಷ್ಟು ಬೇಡ. ನಿನ್ನ ಕಾಗದ ಬಂದು ಎರಡು ತಿಂಗಳಾಯಿತು. ಶಾಲೆಯ ಕೆಲಸ ಜಾಸ್ತಿ ಎಂದು ನೆಪ ಹೇಳಬಹುದು. ನಿಜವಾಗಿ ಸಿಟ್ಟು ಬಂದಿತ್ತು, ಕ್ಷಮಿಸು.

ಮಕ್ಕಳಿಗೆ ಶರೀರದ ಪಾಠ ಬಾಯಿಗೆ ಬರಲೆಂದು ನಾನು ಕಟ್ಟಿದ ಪದ್ಯವನ್ನು ನಿನಗೆ ಕಳಿಸಿದ್ದೆನಲ್ಲ:

ಎಡದಲಿ ಮಿಡಿವುದು ಗುಂಡಿಗೆ ನೋಡು,
ಬಲದಲಿ ಮಲಗಿದೆ ಗುಲ್ಮ.

ನೀನು ಬರೆದೆ: "ಗುಲ್ಮ ಇರುವುದು ಎಡಕ್ಕೆ ಕಣೋ, ಬಲಕ್ಕಿರುವುದು ಯಕೃತ್ತು. ನಿನ್ನ ಪ್ರಾಸಕ್ಕೋಸ್ಕರ ದೇವರು ಮನುಷ್ಯನನ್ನು ಬಿಚ್ಚಿ ಮತ್ತೆ ಹೊಲಿಯುವುದಿಲ್ಲ." ಆ ಹೊತ್ತಿಗೆ ಶಾಲಾ ಇನ್ಸ್‌ಪೆಕ್ಟರು ಪದ್ಯವನ್ನು ಊರವರ ಮುಂದೆ ಹೊಗಳಿ ಹೋಗಿದ್ದರು. ಎಡ ಎಂದು ತಿದ್ದಿದರೆ 'ಬಲದಲಿ–ಮಲಗಿದೆ' ಎಂಬ ಪ್ರಾಸ ಕೆಡುತ್ತಿತ್ತು. ನಾನು ಪ್ರಾಸವನ್ನು ಉಳಿಸಿಕೊಂಡೆ.

ಮೂರನೇ ತರಗತಿಯಲ್ಲಿ ಕದರಮ್ಮ ಎಂಬ ಹುಡುಗಿ ಇದ್ದಾಳೆ, ಪಾಲಪ್ಪನ ಮಗಳು. ಹೋದ ತಿಂಗಳು ಚಳಿಜ್ವರ ಬಿಟ್ಟು ಬಿಟ್ಟು ಬಂದು, ಗುಲ್ಮ ಊದಿ ಹೊಟ್ಟೆಯಲ್ಲಿ ಗಡ್ಡೆಯಾಯಿತು. ಇಲ್ಲಿಯವರು ಅದನ್ನು ಜ್ವರಗಡ್ಡೆ ಎನ್ನುತ್ತಾರೆ, ಅದಕ್ಕೆ ಬರೆ ಹಾಕುತ್ತಾರೆ. ಮಧುಗಿರಿ ಆಸ್ಪತ್ರೆಗೆ ಕರೆದುಕೊಂಡು ಹೋಗು ಎಂದು ನಾನು ಎರಡು ಸಲ ಹೇಳಿದ್ದೆ. ಪಾಲಪ್ಪ ಬರೆ ಹಾಕುವ ಕಾಟಮ್ಮನನ್ನು ಕರೆಸಿದ.

ಕಾಟಮ್ಮನಿಗೆ ಅಕ್ಷರ ಬರುವುದಿಲ್ಲ. ಬೆರಳಲ್ಲಿ ಮುಟ್ಟಿ ನೋಡಿ, "ಗಡ್ಡೆ ಎಡಗಡೀಕೈತೆ ಕಣಪ್ಪ" ಅಂದಳಂತೆ. ಹುಡುಗಿ ಮಲಗಿದಲ್ಲಿಂದಲೇ ಪದ್ಯ ಹೇಳಿ, "ಇಲ್ಲ ಕಣಜ್ಜಿ, ಬಲಕ್ಕೆ" ಅಂದಳಂತೆ.

"ನಿನ್ ಪದ್ಯ ನನ್ ಬೆರಳಿಗಿಂತ ಹೆಚ್ಚೇನೇ?"

"ಸುಮ್ಕಿರಜ್ಜಿ," ಎಂದ ಪಾಲಪ್ಪ. "ಮೇಷ್ಟ್ರು ಬರೆದಿದ್ದು ಸುಳ್ಳಾದಾತಾ?"

ಕಾದ ಸಲಾಕೆ ಬಲಪಕ್ಕೆಗೆ ಬಿತ್ತು. ಜ್ವರ ಇಳಿಯಲಿಲ್ಲ. ಒಂಬತ್ತು ದಿನ ಬಿಟ್ಟು ಎಡಕ್ಕೂ ಹಾಕಿದರು. ಇದೆಲ್ಲ ನಡೆದಾಗ ನಾನು ಶಾಲೆಯಲ್ಲಿದ್ದೆ, ತಿಳಿದದ್ದು ಆಮೇಲೆ.

ಈಗ ಪಾಲಪ್ಪ ನಾನು ಕೊಟ್ಟ ಕ್ವಿನೈನ್ ಮಾತ್ರೆ ನುಂಗಿಸುತ್ತಿದ್ದಾನೆ. ಗಡ್ಡೆ ಸ್ವಲ್ಪ ಕರಗಿದೆ, ಆದರೆ ಬಲಗಡೆಯ ಬರೆ ಕೀವಾಗಿದೆ. ಮುಲಾಮು ಕಳಿಸು. ಕೈಯಲ್ಲಾದರೆ ಭಾನುವಾರದ ಬಸ್ಸಿಗೆ ನೀನೇ ಬಾ. ನನ್ನ ಮಾತನ್ನು ಅವರು ಈಗಲೂ ನಂಬುತ್ತಾರೆ, ಅದೇ ನನಗೆ ಕಷ್ಟವಾಗಿದೆ.

ಪದ್ಯದ ಪ್ರತಿಗಳನ್ನೆಲ್ಲ ಒಲೆಗೆ ಹಾಕಿದೆ. ಮಕ್ಕಳ ಬಾಯಿಂದ ಮಾತ್ರ ಕೀಳಲಾಗುತ್ತಿಲ್ಲ. "ಎಡದಲಿ ಮಲಗಿದೆ" ಎಂದು ತಿದ್ದಿ ಹೇಳಿಕೊಟ್ಟರೆ, "ಪ್ರಾಸ ತಪ್ಪೋಯ್ತು ಮೇಷ್ಟ್ರೇ" ಎಂದು ನನ್ನನ್ನೇ ತಿದ್ದುತ್ತಾರೆ. ಅಷ್ಟು ಚೆನ್ನಾಗಿ ಪಾಠ ಮಾಡಿದ್ದೇನೆ.

ನಿನ್ನ ಮಕ್ಕಳಿಗೆ ನನ್ನ ಆಶೀರ್ವಾದ. ಅವರ ಮೈಗೆ ಬೆಂಕಿ ಸೋಕದಿರಲಿ, ಅವರಿಗೆ ನನಗಿಂತ ಒಳ್ಳೆಯ ಮೇಷ್ಟ್ರು ಸಿಗಲಿ.

ನಿನ್ನ,
ನಂದೀಶ್ವರಯ್ಯ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ಶಾಲೆಯಲ್ಲಿದ್ದೆನೆಂದು ಬರೆದದ್ದು ಸುಳ್ಳು. ಮೊದಲನೇ ಬರೆಯ ದಿನ ನಾನು ಪಾಲಪ್ಪನ ಹೊಸ್ತಿಲಲ್ಲಿ ನಿಂತಿದ್ದೆ. ಬರೆ ಬೇಡವೆಂದು ಹೇಳುವುದಕ್ಕೇ ಹೋದವನು. ಜಗಲಿಯಲ್ಲಿ ಊರಿನ ನಾಲ್ಕು ಜನ ಹಿರಿಯರು ಕೂತಿದ್ದರು. ಪಾಲಪ್ಪ ಕೇಳಿದ: "ಅಜ್ಜಿ ಎಡ ಅಂತಾಳೆ, ನಿಮ್ ಪದ್ಯ ಬಲ ಅಂತದೆ. ನೀವೇ ಯೋಳ್ಬುಡಿ ಮೇಷ್ಟ್ರೇ." ನಿನ್ನ ಕಾಗದ ಬಂದು ಆಗಲೇ ತಿಂಗಳಾಗಿತ್ತು. "ಬಲ" ಎಂದೆ. ಕಾಟಮ್ಮ ನನ್ನ ಮುಖವನ್ನೇ ನೋಡಿದಳು. ಕದರಮ್ಮ, "ನಾ ಯೋಳ್ಲಿಲ್ವೇನಜ್ಜಿ" ಎಂದು ನಕ್ಕು, ಯಾರೂ ಹಿಡಿಯುವ ಮೊದಲೇ ತಾನಾಗಿ ಹೊರಳಿ ಬಲಪಕ್ಕೆಯನ್ನು ಒಡ್ಡಿದಳು.